ಗೋಡೆ ಮೇಲೆ ಗೀಚಿದ ಮಕ್ಕಳ ಚರಿತ್ರೆ (ಒನ್-ನಾರ್ತ್ ಬರಹ – 14)

ಈ ಸಲದ ಬರಹ ಮಕ್ಕಳು ಗೀಚಬಾರದ ಕಡೆಯಲ್ಲೆಲ್ಲ ಗೀಚುವುದರ ಬಗ್ಗೆ. ಗೋಡೆ, ಬಾಗಿಲು, ಅಪ್ಪನ ಪಾಸ್‌ಬುಕ್ಕು, ಅಜ್ಜನ ಬಿಳಿ ಪಂಚೆ, ರೇಷನ್ ಕಾರ್ಡಿನ ಹಿಂಬದಿ. ಇದಕ್ಕೂ ಒಂದು ಚರಿತ್ರೆಯಾ ಅಂತ ನಗಬೇಡಿ. ಇದೆ, ಅದೂ ಸಾವಿರಾರು ವರ್ಷದ್ದು. ಉದ್ದ ಬರಹ, ಮನೆಗೆಲಸ ಮುಗಿಸಿಕೊಂಡು ಕೂತು ಓದಿ. ಕೊನೆಯಲ್ಲಿ ನಮ್ಮ ಶಾಲೆ ಗ್ರೂಪಿನವರಿಗೆ ಒಂದು ಕೆಲಸದ ಮಾತಿದೆ, ಅದನ್ನು ಓದದೆ ಹೋಗಬೇಡಿ.

ಮೊದಲು ನಾನಿರುವ ಜಾಗದಿಂದ ಶುರು ಮಾಡುತ್ತೇನೆ. ಸಿಂಗಪುರ ಭೂಮಧ್ಯರೇಖೆಯಿಂದ ಒಂದು ಡಿಗ್ರಿ ಚಿಲ್ಲರೆ ಉತ್ತರಕ್ಕಿದೆ. ಒನ್-ನಾರ್ತ್ ಅನ್ನುವ ಹೆಸರು ಬಂದದ್ದು ಹಾಗೆ. ಜೆಟಿಸಿ ಅನ್ನುವ ಸರ್ಕಾರಿ ಸಂಸ್ಥೆ ವಿಜ್ಞಾನಿಗಳಿಗೆ, ಕಂಪ್ಯೂಟರಿನವರಿಗೆ ಅಂತಲೇ ಕಟ್ಟಿಸಿದ ಬಡಾವಣೆ. ನಕ್ಷೆ ಹಾಕಿದ್ದು ಜಾಹಾ ಹದೀದ್ ಎಂಬ ದೊಡ್ಡ ವಾಸ್ತುಶಿಲ್ಪಿ. 2003ರಲ್ಲಿ ಬಯೋಪೊಲಿಸ್ ಶುರುವಾಯಿತು, ಆಮೇಲೆ ಫ್ಯೂಷನೊಪೊಲಿಸ್. ಕಟ್ಟಡಗಳಿಗೆ ಜೀನೋಮ್, ಪ್ರೋಟಿಯೋಸ್, ಕ್ರೋಮೋಸ್ ಅಂತ ಹೆಸರು, ನರ್ಸಿಂಗ್ ಮೊದಲ ವರ್ಷದ ಪುಸ್ತಕದ ಅಧ್ಯಾಯಗಳ ಹಾಗೆ. ಎಲ್ಲ ಕಡೆ ಗಾಜು. ಒಳಗೆ ಕೂತವರು ಆ ಗಾಜಿನ ಮೇಲೆಯೇ ಮಾರ್ಕರ್ ಹಿಡಿದು ಬಾಣ, ವೃತ್ತ, ಲೆಕ್ಕ ಬರೆದುಕೊಂಡಿರುವುದು ಹೊರಗಿನಿಂದ ನಡೆದುಹೋಗುವವರಿಗೂ ಕಾಣುತ್ತದೆ. ದೊಡ್ಡವರು ಗೀಚಿದರೆ ಅದಕ್ಕೆ ರಿಸರ್ಚ್ ಅನ್ನುತ್ತಾರೆ ಬಿಡಿ.

ಆದರೆ ಕಟ್ಟಡದ ಹೊರಗೆ, ರಸ್ತೆ ಬದಿಯ ಗೋಡೆಯ ಮೇಲೆ ಒಂದೇ ಒಂದು ಗೆರೆ ಇರುವುದಿಲ್ಲ. ನಮ್ಮ ಸಾಗರದ ಬಸ್‌ಸ್ಟ್ಯಾಂಡ್ ಗೋಡೆ ನೋಡಿ ಬೆಳೆದ ಕಣ್ಣಿಗೆ ಇದು ಮೊದಮೊದಲು ವಿಚಿತ್ರ ಅನ್ನಿಸುತ್ತಿತ್ತು. ಇಲ್ಲಿನ ಜನ ಹುಟ್ಟುತ್ತಲೇ ಶಿಸ್ತಿನವರು ಅಂತ ಅಂದುಕೊಳ್ಳಬೇಡಿ. ಇದರ ಹಿಂದೆ ಒಂದು ಕಾಯಿದೆ ಇದೆ.

ಸಿಂಗಪುರ ಮಲೇಷ್ಯಾದಿಂದ ಬೇರೆಯಾದದ್ದು 1965ರ ಆಗಸ್ಟ್ 9ಕ್ಕೆ. ಮರುವರ್ಷ ಆಗಸ್ಟ್‌ನಲ್ಲೇ ಪಾರ್ಲಿಮೆಂಟಿನಲ್ಲಿ ವ್ಯಾಂಡಲಿಸಂ ಕಾಯಿದೆ ಪಾಸಾಯಿತು. ವೀ ತೂನ್ ಬೂನ್ ಎಂಬ ರಾಜ್ಯ ಸಚಿವರು ಅದನ್ನು ಮಂಡಿಸಿದರು. ಆಗ ವಿರೋಧ ಪಕ್ಷವಾದ ಬಾರಿಸಾನ್ ಸೋಷಿಯಲಿಸ್‌ನವರು ಪಾರ್ಲಿಮೆಂಟಿಗೆ ಬಹಿಷ್ಕಾರ ಹಾಕಿ ಬೀದಿಗಿಳಿದಿದ್ದರು, ವಿಯೆಟ್ನಾಂ ಯುದ್ಧದ ವಿರುದ್ಧ ಗೋಡೆಗಳ ಮೇಲೆ ಘೋಷಣೆ ಬರೆಯುತ್ತಿದ್ದರು. ಹಾಗಾಗಿ ಗೋಡೆ ಚೊಕ್ಕಟವಾಗಿರಲಿ ಅನ್ನುವುದು ಅರ್ಧ ಮಾತು, ಗೋಡೆ ಮೇಲೆ ರಾಜಕೀಯ ಬೇಡ ಅನ್ನುವುದು ಇನ್ನರ್ಧ. ದಂಡ 2,000 ಡಾಲರ್‌ವರೆಗೆ ಅಥವಾ ಮೂರು ವರ್ಷದವರೆಗೆ ಜೈಲು, ಅದರ ಮೇಲೆ ಮೂರರಿಂದ ಎಂಟು ಬೆತ್ತದೇಟು. ಜೈಲಿಗೆ ಹೋಗುವುದೆಂದರೆ ಹೆಮ್ಮೆ ಪಡುವ ಹುಡುಗರೂ ಬೆತ್ತಕ್ಕೆ ಹೆದರುತ್ತಾರೆ ಎನ್ನುವುದು ಪ್ರಧಾನಿ ಲೀ ಕ್ವಾನ್ ಯೂ ಅವರ ವಾದವಾಗಿತ್ತು.

ಈ ಕಾಯಿದೆಯಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ಸಣ್ಣ ವಿನಾಯಿತಿ. ಪೆನ್ಸಿಲು, ಕ್ರೇಯಾನು, ಚಾಕು, ಅಂದರೆ ಸೀಮೆಸುಣ್ಣ, ಅಥವಾ ಅಳಿಸಿದರೆ ಹೋಗುವಂಥ ಬೇರೆ ಯಾವುದರಲ್ಲಾದರೂ ಬರೆದಿದ್ದರೆ ಮೊದಲ ಸಲದ ತಪ್ಪಿಗೆ ಬೆತ್ತದೇಟು ಇಲ್ಲ. ಪೇಂಟು, ಡಾಂಬರಿನಲ್ಲಿ ಬರೆದರೆ ಮಾತ್ರ ಏಟು. ದೇಶದ ಅತ್ಯಂತ ಕಠಿಣ ಕಾನೂನುಗಳಲ್ಲಿ ಒಂದರ ಒಳಗೆ ಕೂತು ಯಾರೋ ಒಬ್ಬರು ಕ್ರೇಯಾನ್ ಅನ್ನುವ ಪದ ಬರೆದಿದ್ದಾರೆ. ಅದನ್ನು ಬರೆಯುವಾಗ ಅವರ ಮನೆಯಲ್ಲಿ ಎರಡು ವರ್ಷದ ಮಗು ಇತ್ತೋ ಏನೋ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ. ಕಾಯಿದೆ ಸರ್ಕಾರದ ಗೋಡೆಗೆ ಮಾತ್ರವಲ್ಲ, ಮಾಲೀಕನ ಲಿಖಿತ ಒಪ್ಪಿಗೆ ಇಲ್ಲದೆ ಖಾಸಗಿ ಗೋಡೆಯ ಮೇಲೆ ಬರೆದರೂ ಅನ್ವಯಿಸುತ್ತದೆ. ಪುಟ್ಟ ಮಕ್ಕಳನ್ನು ಯಾರೂ ಕೋರ್ಟಿಗೆ ಎಳೆಯುವುದಿಲ್ಲ, ಗಾಬರಿ ಬೇಡ. ಅಪರಾಧ ಹೊರಿಸಬಹುದಾದ ಕನಿಷ್ಠ ವಯಸ್ಸನ್ನು 7ರಿಂದ 10ಕ್ಕೆ ಏರಿಸುವ ತಿದ್ದುಪಡಿಯೂ 2019ರಲ್ಲಿ ಪಾಸಾಗಿದೆ.

ಈ ಕಾಯಿದೆಯನ್ನು ಪ್ರಪಂಚಕ್ಕೆಲ್ಲ ಗೊತ್ತು ಮಾಡಿದವನು ಮೈಕೆಲ್ ಫೇ, 18 ವರ್ಷದ ಅಮೆರಿಕದ ಹುಡುಗ. ಕಾರುಗಳಿಗೆ ಸ್ಪ್ರೇ ಪೇಂಟ್ ಹೊಡೆದ ಪ್ರಕರಣ. 1994ರ ಮಾರ್ಚ್‌ನಲ್ಲಿ ನಾಲ್ಕು ತಿಂಗಳ ಜೈಲು, 3,500 ಡಾಲರ್ ದಂಡ, ಆರು ಏಟು ಅಂತ ತೀರ್ಪಾಯಿತು. ಅಧ್ಯಕ್ಷ ಕ್ಲಿಂಟನ್ ಕೇಳಿಕೊಂಡದ್ದಕ್ಕೆ ಆರು ನಾಲ್ಕಾಯಿತು, ಅಷ್ಟೇ. ಮೇ 5ಕ್ಕೆ ಹೊಡೆದರು. 2010ರಲ್ಲಿ ಡಿಪೋಗೆ ನುಗ್ಗಿ ಮೆಟ್ರೋ ರೈಲಿಗೆ ಬಣ್ಣ ಬಳಿದ ಸ್ವಿಸ್ ಮನುಷ್ಯನಿಗೂ ಏಟು ಬಿತ್ತು. 2012ರಲ್ಲಿ ರಸ್ತೆ ಮೇಲೆ ‘ನಮ್ಮಜ್ಜನ ರಸ್ತೆ’ ಅನ್ನುವ ಅರ್ಥದ ಮಾತು ಬರೆದ ಸಮಂತಾ ಲೋ ಎಂಬ ಕಲಾವಿದೆಗೆ 240 ಗಂಟೆಯ ಸಮಾಜಸೇವೆಯ ಶಿಕ್ಷೆ ಸಿಕ್ಕಿತು. ಹೆಂಗಸರಿಗೆ ಇಲ್ಲಿ ಬೆತ್ತದೇಟಿಲ್ಲ. ‘ಇದೇನು ನಿಮ್ಮಜ್ಜನ ರಸ್ತೆನಾ’ ಅನ್ನುವುದು ಇಲ್ಲಿನವರ ಮಾಮೂಲಿ ಬೈಗುಳ. ನಮ್ಮಲ್ಲಿ ‘ನಿಮ್ಮಪ್ಪಂದಾ ರೋಡು’ ಅನ್ನುವುದಿಲ್ಲವೇ, ಅದೇ.

ಇಲ್ಲೊಂದು ಅಡ್ಡಮಾತು. ಮಲಯ ಭಾಷೆಯಲ್ಲಿ ಬೆತ್ತಕ್ಕೆ ರೋತಾನ್ ಅನ್ನುತ್ತಾರೆ. ಅದು ಗಿಡದ ಹೆಸರು, ಹೊಡೆಯುವ ಕೋಲಿನ ಹೆಸರೂ ಹೌದು. ನಮ್ಮಲ್ಲೂ ಹಾಗೆಯೇ. ಘಟ್ಟದ ಕಾಡಿನಲ್ಲಿ ಮುಳ್ಳುಮುಳ್ಳಾಗಿ ಹಬ್ಬುವ ಬೆತ್ತವೇ ಬುಟ್ಟಿಗೂ ಆಯಿತು, ಕುರ್ಚಿಗೂ ಆಯಿತು, ಮೇಷ್ಟ್ರ ಕೈಗೂ ಬಂತು. ಹಿಂದಿನ ಕೂಲಿಮಠಗಳಲ್ಲಂತೂ ಬೆತ್ತ ಸಾಲದು ಅಂತ ಹುಡುಗರನ್ನು ಕೈ ಕಟ್ಟಿ ತೊಲೆಗೆ ನೇತುಹಾಕುವ ಕೋದಂಡದ ಶಿಕ್ಷೆಯೂ ಇತ್ತು.

ಕೂಲಿಮಠ ಅಂದೆನಲ್ಲ, ಅಲ್ಲಿಗೇ ಹೋಗೋಣ. ಮಕ್ಕಳು ಗೋಡೆ ಮೇಲೆ ಯಾಕೆ ಗೀಚುತ್ತಾರೆ ಅನ್ನುವುದಕ್ಕೆ ಅರ್ಧ ಉತ್ತರ, ಬರೆಯಲು ಅವರಿಗೆ ಏನು ಕೊಟ್ಟಿದ್ದೆವು ಅನ್ನುವುದರಲ್ಲೇ ಇದೆ. ನಮ್ಮ ದೇಶದಲ್ಲಿ ಸಣ್ಣ ಮಕ್ಕಳಿಗೆ ಕಾಗದ ಅನ್ನುವುದು ತೀರಾ ಇತ್ತೀಚಿನದು. ಅದಕ್ಕೆ ಮುಂಚೆ ಇದ್ದದ್ದು ನೆಲ. ನೆಲದ ಮೇಲೆ ಮರಳು ಹರಡಿ ಬೆರಳಲ್ಲಿ ತಿದ್ದಿಸುತ್ತಿದ್ದರು. ವಿಜಯದಶಮಿಗೆ ತಟ್ಟೆಯ ಅಕ್ಕಿಯಲ್ಲಿ ಅಕ್ಷರ ಬರೆಸುವುದು ಅದರ ಉಳಿಕೆಯೇ ಇರಬೇಕು. 1789ರಲ್ಲಿ ಮದ್ರಾಸಿನ ಎಗ್ಮೋರಿನ ಅನಾಥಾಲಯದ ಮೇಲ್ವಿಚಾರಕನಾಗಿ ಬಂದ ಆಂಡ್ರ್ಯೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ, ಹಳ್ಳಿ ಮಕ್ಕಳು ಹೀಗೆ ಮರಳಲ್ಲಿ ಬರೆಯುವುದನ್ನು ಕಂಡು ತನ್ನ ಶಾಲೆಯಲ್ಲೂ ಜಾರಿಗೆ ತಂದ. ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸುವ ಪದ್ಧತಿಯನ್ನೂ ಸೇರಿಸಿದ. 1797ರಲ್ಲಿ ಅದರ ಬಗ್ಗೆ ಪುಸ್ತಕ ಬರೆದ. ಆಮೇಲೆ ಇಂಗ್ಲೆಂಡಿನ ಬಡಮಕ್ಕಳು ಮರಳಿನ ತಟ್ಟೆಯಲ್ಲಿ ಎ ಬಿ ಸಿ ತಿದ್ದಿದರು. ನಮ್ಮ ಜಗಲಿಯ ವಿದ್ಯೆ ಲಂಡನ್ನಿಗೆ ಹೋಗಿಬಂದ ಕಥೆ ನಮ್ಮ ಪಾಠಪುಸ್ತಕದಲ್ಲಿ ನಾನಂತೂ ಓದಿರಲಿಲ್ಲ.

ದೊಡ್ಡವರ ಬರವಣಿಗೆಗೆ ಕರ್ನಾಟಕದಲ್ಲಿ ಕಡತ ಇತ್ತು. ಈಗ ತಾಲ್ಲೂಕು ಆಫೀಸಿನ ಫೈಲಿಗೆ ಕಡತ ಅನ್ನುತ್ತೇವೆ, ಅದರ ಮೂಲ ಇದು. ಹತ್ತಿಬಟ್ಟೆಯ ಉದ್ದನೆಯ ಪಟ್ಟಿಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಕಲಸಿ ಎರಡೂ ಬದಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದರೆ ಕಡತ ಆಯಿತು. ಅದರ ಮೇಲೆ ಬಳಪದಲ್ಲಿ ಬರೆಯುವುದು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಮೊದಲ ಸಂಪುಟ ಬಂದ ತನ್ನ ಇತಿಹಾಸದಲ್ಲಿ ಇದನ್ನು ವಿವರವಾಗಿ ಬರೆದಿದ್ದಾನೆ. ಎಂಟು ಇಂಚಿನಿಂದ ಒಂದಡಿ ಅಗಲ, 12ರಿಂದ 18 ಅಡಿ ಉದ್ದ. ಬಟ್ಟೆಯಿಂದ ಒರೆಸಿದರೆ ಅಕ್ಷರ ಹೋಗುತ್ತದೆ, ಒರೆಸದಿದ್ದರೆ ತಲೆಮಾರು ಕಳೆದರೂ ಇರುತ್ತದೆ. ಶೃಂಗೇರಿ ಮಠದಲ್ಲಿ ಅಂಥ ಹಳೆಯ ಕಡತಗಳು ಇವತ್ತಿಗೂ ಇವೆ. ಈಗ ಯೋಚನೆ ಮಾಡಿ. ಕಪ್ಪು ಬಟ್ಟೆ ಮನೆಯಲ್ಲಿದೆ, ಬಳಪ ಮಗುವಿನ ಕೈಗೆ ಸಿಗುವ ಕಡೆ ಇದೆ, ಇಡೀ ಊರಿನ ಸಾಲದ ಲೆಕ್ಕ ಅದರಲ್ಲಿದೆ. ಶಾನುಭೋಗರ ಮನೆಯ ಎಷ್ಟು ಮಕ್ಕಳಿಗೆ ಬೆನ್ನು ಕೆಂಪಾಗಿರಬಹುದು! ಇದು ನನ್ನ ಊಹೆ, ಯಾರೂ ಬರೆದಿಟ್ಟಿಲ್ಲ.

ಬಳಪದ ಮಾತು ಬಂದದ್ದಕ್ಕೆ ಇನ್ನೊಂದು. ಬೇಲೂರು, ಹಳೇಬೀಡು ಕಟ್ಟಿರುವುದು ಬಳಪದ ಕಲ್ಲಿನಲ್ಲಿ. ಗಣಿಯಿಂದ ತೆಗೆದಾಗ ಮೃದು, ಗಾಳಿಗೆ ಆರುತ್ತ ಗಟ್ಟಿ. ಅದಕ್ಕೇ ಆ ಶಿಲಾಬಾಲಿಕೆಯರ ಕೈಬಳೆ ಅಷ್ಟು ನಾಜೂಕು. ಅದೇ ಜಾತಿಯ ಕಲ್ಲನ್ನು ಕಡ್ಡಿ ಮಾಡಿ ನಮ್ಮ ಕೈಗೆ ಕೊಟ್ಟಿದ್ದರು, ನಾವು ಅರ್ಧ ಬರೆದೆವು, ಅರ್ಧ ತಿಂದೆವು. ನಗು ಬರುತ್ತದೆ, ಆದರೆ ನರ್ಸ್ ಆಗಿ ಹೇಳಲೇಬೇಕು: ಮಗು ಬಳಪ, ಸುಣ್ಣ, ಮಣ್ಣು ಬಿಡದೆ ತಿನ್ನುತ್ತಿದ್ದರೆ ಬೈದು ಪ್ರಯೋಜನವಿಲ್ಲ. ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆ ಇರಬಹುದು. ಪಿ.ಎಚ್.ಸಿ.ಗೆ ಕರೆದುಕೊಂಡು ಹೋಗಿ ಹಿಮೋಗ್ಲೋಬಿನ್ ನೋಡಿಸಿ.

ಸ್ಲೇಟು ಬಂದಮೇಲೆ ಮಕ್ಕಳಿಗೆ ಸ್ವಂತದ ಒಂದು ಜಾಗ ಸಿಕ್ಕಿತು. ನಮ್ಮ ಕಡೆ ಸ್ಲೇಟು, ಬಯಲುಸೀಮೆ ಕಡೆ ಪಾಟಿ. ಆಂಧ್ರದ ಮಾರ್ಕಾಪುರದ ಕಲ್ಲುಗಣಿಗಳಿಂದ ದಕ್ಷಿಣದ ಎಷ್ಟೋ ಶಾಲೆಗಳಿಗೆ ಸ್ಲೇಟು ಹೋಗುತ್ತಿತ್ತು. ಒಂದು ಗೇಣು ಚಿಲ್ಲರೆ ಜಾಗ, ಸುತ್ತ ಮರದ ಚೌಕಟ್ಟು. ಅದರಲ್ಲಿ ಬರೆಯಬೇಕಾದ್ದು ಮೇಷ್ಟ್ರು ಹೇಳಿದ್ದು, ಚಿತ್ರ ಬರೆದರೆ ಏಟು. ಎಂಜಲು ಹಚ್ಚಿ ಒರೆಸಿದರೆ ಸರಸ್ವತಿಗೆ ಕೋಪ, ಅದಕ್ಕೂ ಏಟು. ಹಾಗಾಗಿ ಮಳೆಗಾಲದಲ್ಲಿ ಗೋಡೆ ಬುಡದಲ್ಲಿ ಹುಟ್ಟುವ ನೀರುದಂಟಿನ ಗಿಡ ಕಿತ್ತು ಒರೆಸುತ್ತಿದ್ದೆವು. ಶಾಲೆಯ ಬೋರ್ಡು ಬೆಳ್ಳಗಾದರೆ ಇದ್ದಿಲು, ತೊಂಡೆಸೊಪ್ಪು ಅರೆದು ಬಳಿಯುವುದು ನಮ್ಮದೇ ಶನಿವಾರದ ಕೆಲಸ. ಆ ಮಸಿ ಕೈಯಲ್ಲಿ ಬರುವಾಗ ದಾರಿಯ ಗೋಡೆಗಳಿಗೆ ಏನಾಗುತ್ತಿತ್ತು ಅನ್ನುವುದನ್ನು ನಮ್ಮ ಬ್ಯಾಚಿನವರಿಗೆ ನೆನಪಿಸಬೇಕಾಗಿಲ್ಲ.

ಅದೇ ಊರಿನಲ್ಲಿ ಗೋಡೆ ಮೇಲೆ ಬರೆಯುವುದು ಗೌರವದ ಕೆಲಸವಾಗಿಯೂ ಇತ್ತು ಅನ್ನುವುದನ್ನು ಮರೆಯುತ್ತೇವೆ. ದೀವರ ಮನೆಗಳ ಹಸೆ ಗೋಡೆ ಚಿತ್ತಾರ. ಕೆಮ್ಮಣ್ಣು ಸಾರಿಸಿದ ಗೋಡೆ, ಅಕ್ಕಿಹಿಟ್ಟಿನ ಬಿಳಿ, ಹುರಿದು ಕರಿಮಾಡಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿನಾರಿನ ಬ್ರಷ್ಷು. ಒಂದು ಕೂದಲೆಳೆಯಷ್ಟೂ ಅತ್ತಿತ್ತ ಹೋಗದ ಗೆರೆ. ಭೂಮಿ ಹುಣ್ಣಿಮೆಗೆ ಹೊಲಕ್ಕೆ ಹೊರುವ ಬುಟ್ಟಿಗೂ ಅದೇ ಚಿತ್ತಾರ. ಶಾಲೆಯಿಲ್ಲ, ಸರ್ಟಿಫಿಕೇಟಿಲ್ಲ. ಹುಡುಗಿಯರು ಅಮ್ಮನ, ಅಜ್ಜಿಯ ಪಕ್ಕದಲ್ಲಿ ಕೂತು ಕಲಿತದ್ದು. ನಮ್ಮ ಕೆಳಕೇರಿಯ ಅಜ್ಜಿಯೊಬ್ಬರು ಚಿತ್ತಾರ ಬರೆಯುವಾಗ ಮಕ್ಕಳನ್ನು ಓಡಿಸುತ್ತಿರಲಿಲ್ಲ, ಗೋಡೆಯ ಕೆಳಗಿನ ಮೂಲೆಯೊಂದನ್ನು ಬಿಟ್ಟುಕೊಡುತ್ತಿದ್ದರು. ಅಲ್ಲಿ ನಾವು ಏನು ಬರೆದರೂ ಸರಿ. ಆ ಮೂಲೆ ನನ್ನ ತಲೆಯಲ್ಲಿ ಉಳಿದುಬಿಟ್ಟಿದೆ, ಮುಂದೆ ಕೆಲಸಕ್ಕೆ ಬರುತ್ತದೆ.

ಈಗ ಸ್ವಲ್ಪ ದೂರ ಹೋಗೋಣ. 1880ರ ದಶಕದ ಶುರುವಿನ ಒಂದು ಚಳಿಗಾಲ. ಇಟಲಿಯ ಬೊಲೋನ್ಯಾ ಊರಿನಲ್ಲಿ ಕೊರಾದೊ ರಿಚ್ಚಿ ಎಂಬ ತರುಣನಿಗೆ ದಾರಿಯಲ್ಲಿ ಮಳೆ ಹಿಡಿಯಿತು. ಆ ಊರಿನ ತುಂಬ ಕಮಾನಿನ ಮೊಗಸಾಲೆಗಳು. ಒಂದರ ಕೆಳಗೆ ನಿಂತ. ಮಳೆ ನಿಲ್ಲಲಿಲ್ಲ, ಹೊತ್ತು ಹೋಗಲಿಲ್ಲ, ಗೋಡೆ ನೋಡುತ್ತ ನಿಂತ. ಗೋಡೆ ತುಂಬ ಹುಡುಗರು ಗೀಚಿದ ಚಿತ್ರ. ನೋಡನೋಡುತ್ತ ಅವನಿಗೆ ಒಂದು ವಿಷಯ ಹೊಳೆಯಿತು: ಚಿತ್ರಗಳು ಎತ್ತರದ ಪ್ರಕಾರ ಬೇರೆಬೇರೆ ಇವೆ. ಕೆಳಗಿನವು ಪುಟಾಣಿಗಳದ್ದು, ತಲೆಯಿಂದಲೇ ಕಾಲು ಹೊರಟ ಮನುಷ್ಯರು. ಮೇಲೆ ಹೋದಂತೆ ಕೈ ಪಳಗಿದೆ, ಮಾತು ಮಾತ್ರ ಪೋಲಿಯಾಗಿದೆ. ಗೋಡೆಯೇ ಬೆಳವಣಿಗೆಯ ಚಾರ್ಟು! ಅಲ್ಲಿಂದ ಮಕ್ಕಳ ಚಿತ್ರ ಸಂಗ್ರಹಿಸಲು ಶುರುಮಾಡಿ 1887ರಲ್ಲಿ ‘ಮಕ್ಕಳ ಕಲೆ’ ಅನ್ನುವ ಅರ್ಥದ ಪುಸ್ತಕ ತಂದ. ಮಕ್ಕಳ ಚಿತ್ರಗಳನ್ನೇ ವಿಷಯ ಮಾಡಿಕೊಂಡು ಬಂದ ಮೊದಮೊದಲ ಪುಸ್ತಕಗಳಲ್ಲಿ ಅದೂ ಒಂದು. ವಿಯೆನ್ನಾದಲ್ಲಿ ಫ್ರಾಂಜ್ ಚಿಜೆಕ್ ಎಂಬ ಇನ್ನೊಬ್ಬ, ತನ್ನ ಬಾಡಿಗೆ ಕೋಣೆಯ ಎದುರಿನ ಬೇಲಿಯ ಮೇಲೆ ಹುಡುಗರು ಸೀಮೆಸುಣ್ಣದಲ್ಲಿ ಗೀಚುವುದನ್ನು ನೋಡಿ ನೋಡಿ, 1897ರಲ್ಲಿ ಮಕ್ಕಳಿಗೆ ಇಷ್ಟಬಂದ ಹಾಗೆ ಚಿತ್ರ ಬರೆಯುವ ತರಗತಿ ತೆರೆದ. ಇಬ್ಬರಿಗೂ ಪಾಠ ಸಿಕ್ಕಿದ್ದು ಬರೆಯಬಾರದ ಜಾಗದಲ್ಲಿ ಬರೆದ ಮಕ್ಕಳಿಂದ.

ಎತ್ತರ ನೋಡಿ ವಯಸ್ಸು ಅಂದಾಜು ಮಾಡುವ ಈ ಉಪಾಯವನ್ನು ಪುರಾತತ್ವದವರು ಈಗಲೂ ಬಳಸುತ್ತಾರೆ. ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪೊಂಪೆಯಲ್ಲಿ ಗೋಡೆಗೀಚು ಎಷ್ಟು ಎತ್ತರದಲ್ಲಿದೆ, ಗೆರೆ ಯಾವ ಹಂತದ್ದು ಅಂತ ನೋಡಿ ಮಕ್ಕಳದ್ದನ್ನು ಬೇರೆ ಮಾಡಿದ್ದಾರೆ. 2024ರಲ್ಲಿ ಅಲ್ಲೇ ಇದ್ದಿಲಿನಲ್ಲಿ ಬರೆದ ಗ್ಲಾಡಿಯೇಟರ್‌ಗಳ ಚಿತ್ರ ಸಿಕ್ಕಿತು, ಐದರಿಂದ ಏಳು ವರ್ಷದ ಮಗುವಿನದಿರಬಹುದಂತೆ. ಜೊತೆಗೆ ಗೋಡೆ ಮೇಲೆ ಪುಟ್ಟ ಕೈಯಿಟ್ಟು ಸುತ್ತ ಎಳೆದ ಗೆರೆ. ಇವತ್ತಿನ ಎಲ್.ಕೆ.ಜಿ. ಮಕ್ಕಳು ಮಾಡುವುದೂ ಅದೇ ಅಲ್ಲವಾ? ರಷ್ಯಾದ ನವ್‌ಗೊರೋದ್‌ನಲ್ಲಿ 1956ರಲ್ಲಿ ನೆಲದೊಳಗಿಂದ ಸಿಕ್ಕ ಮರದ ತೊಗಟೆಗಳ ಮೇಲೆ ಓನ್ಫಿಮ್ ಅನ್ನುವ ಹುಡುಗನ ಕಾಗುಣಿತ ಇದೆ. 13ನೇ ಶತಮಾನದ ಹುಡುಗ, ಆರೇಳು ವರ್ಷ. ಅಕ್ಷರ ತಿದ್ದುತ್ತ ತಿದ್ದುತ್ತ ಬೇಸರ ಬಂದು ತಾನೇ ಕುದುರೆ ಏರಿ ಶತ್ರುವಿಗೆ ಈಟಿ ಚುಚ್ಚುತ್ತಿರುವ ಚಿತ್ರ ಬರೆದಿದ್ದಾನೆ. ಅವನ ಮೇಷ್ಟ್ರು ಏನು ಮಾಡಿದರೋ. ಇನ್ನೂ ಹಿಂದಿನದು ಫ್ರಾನ್ಸಿನ ರೂಫಿನ್ಯಾಕ್ ಗುಹೆ. 13,000 ವರ್ಷ ಹಿಂದೆ ಮೆತ್ತನೆಯ ಗೋಡೆಯ ಮೇಲೆ ಬೆರಳಲ್ಲಿ ಎಳೆದ ಗೆರೆಗಳು. ಬೆರಳಿನ ಅಗಲ ಅಳೆದು ನೋಡಿದರೆ ಎಷ್ಟೋ ಗೆರೆ ಮೂರರಿಂದ ಏಳು ವರ್ಷದ ಮಕ್ಕಳದ್ದು, ಅತಿ ಹೆಚ್ಚು ಗೀಚಿದವಳು ಐದು ವರ್ಷದ ಹುಡುಗಿ. ಕೆಲವು ಗೆರೆ ಛಾವಣಿಯಲ್ಲಿವೆ. ಅಂದರೆ ಯಾರೋ ದೊಡ್ಡವರು ಕತ್ತಲ ಗುಹೆಯಲ್ಲಿ ಅವಳನ್ನು ಎತ್ತಿ ಹಿಡಿದುಕೊಂಡಿದ್ದರು. ನೈಟ್ ಡ್ಯೂಟಿಯ ಬಿಡುವಿನಲ್ಲಿ ಇದನ್ನು ಓದಿದ ದಿನ ನಾನು ಬಹಳ ಹೊತ್ತು ಅದನ್ನೇ ಯೋಚಿಸಿದ್ದೆ.

ನನ್ನ ಕೆಲಸಕ್ಕೂ ಈ ಗೀಚಿಗೂ ನೇರ ಸಂಬಂಧ ಇದೆ. ಇಲ್ಲಿ ಹುಟ್ಟಿದ ಪ್ರತಿ ಮಗುವಿಗೂ ಒಂದು ಹೆಲ್ತ್ ಬುಕ್‌ಲೆಟ್ ಕೊಡುತ್ತಾರೆ. ನಮ್ಮ ತಾಯಿ ಕಾರ್ಡಿನ ಹಾಗೆ, ಸ್ವಲ್ಪ ದಪ್ಪ. ತೂಕ, ಎತ್ತರ, ಲಸಿಕೆಯ ಜೊತೆ ಬೆಳವಣಿಗೆಯ ಪ್ರಶ್ನೆಗಳೂ ಇರುತ್ತವೆ, ಅದರಲ್ಲಿ ಪೆನ್ಸಿಲ್ ಹಿಡಿಯುವುದೂ ಬರುತ್ತದೆ. ಸುಮಾರು ಒಂದೂವರೆ ವರ್ಷಕ್ಕೆ ಮಗು ತಾನಾಗಿ ಗೀಚಬೇಕು. ಎರಡು, ಎರಡೂವರೆಗೆ ಉದ್ದಗೆರೆ, ಮೂರಕ್ಕೆ ಸೊನ್ನೆ, ನಾಲ್ಕಕ್ಕೆ ಅಡ್ಡ-ಉದ್ದ ಗೆರೆ ಕೂಡಿಸಿದ ಗುರುತು, ಐದರ ಹೊತ್ತಿಗೆ ಚೌಕ, ತ್ರಿಕೋನ. ಎಲ್ಲ ಮಕ್ಕಳೂ ಗಡಿಯಾರ ನೋಡಿಕೊಂಡು ಬೆಳೆಯುವುದಿಲ್ಲ, ಒಂದೆರಡು ತಿಂಗಳು ಹಿಂದೆಮುಂದೆ ಆಗುತ್ತದೆ. ಆದರೆ ಒಂದೂವರೆ ವರ್ಷಕ್ಕೆ ಗೋಡೆ ಮೇಲೆ ಗೀಚಿದ ಮಗು ತುಂಟ ಅಲ್ಲ, ಸರಿಯಾದ ಸಮಯಕ್ಕೆ ಸರಿಯಾದ ಕೆಲಸ ಮಾಡುತ್ತಿದೆ. ಅದು ಗೋಡೆಯನ್ನೇ ಯಾಕೆ ಹುಡುಕುತ್ತದೆ ಅಂದರೆ, ಆ ವಯಸ್ಸಿಗೆ ಬೆರಳಿಗಿಂತ ಭುಜ ಚೆನ್ನಾಗಿ ಆಡುತ್ತದೆ. ಇಡೀ ತೋಳು ಬೀಸಿ ಬರೆಯಲು ನೋಟ್‌ಬುಕ್ಕಿನ ಹಾಳೆ ಸಾಲದು. ನಿಂತು ಬರೆಯುವಾಗ ಮಣಿಕಟ್ಟು ಹಿಂದಕ್ಕೆ ಬಾಗಿ ಪೆನ್ಸಿಲ್ ಹಿಡಿತ ಗಟ್ಟಿಯಾಗುತ್ತದೆ. ಅದಕ್ಕೇ ಇಲ್ಲಿನ ಆಕ್ಯುಪೇಷನಲ್ ಥೆರಪಿಯವರು ಕೈ ಸೋತ ಮಕ್ಕಳಿಗೆ ಬೇಕಂತಲೇ ಗೋಡೆಗೆ ಹಾಳೆ ಅಂಟಿಸಿ ಬರೆಸುತ್ತಾರೆ.

ಬಿ.ಎಸ್ಸಿ. ನರ್ಸಿಂಗ್ ಓದಿದವರಿಗೆಲ್ಲ ಡೋನಾ ವಾಂಗ್ ಹೆಸರು ಗೊತ್ತು, ಮಕ್ಕಳ ಶುಶ್ರೂಷೆಯ ದಪ್ಪ ಪುಸ್ತಕದವರು. ಆಸ್ಪತ್ರೆ ಗೋಡೆಯಲ್ಲಿ ನಗುವ ಮುಖದಿಂದ ಅಳುವ ಮುಖದವರೆಗೆ ಆರು ಮುಖಗಳ ಚಾರ್ಟು ನೋಡಿದ್ದೀರಲ್ಲ, ನೋವೆಷ್ಟು ಅಂತ ಮಕ್ಕಳು ಬೆರಳಿಟ್ಟು ತೋರಿಸುವುದು, ಅದನ್ನು ಮಾಡಿದ್ದು ನರ್ಸ್ ಆಗಿದ್ದ ಅವರು ಮತ್ತು ಕಾನಿ ಬೇಕರ್ ಸೇರಿ, 1980ರ ದಶಕದ ಆರಂಭದಲ್ಲಿ, ಅಮೆರಿಕದ ಟಲ್ಸಾ ಊರಿನಲ್ಲಿ. ಸುಟ್ಟಗಾಯದ ಮಕ್ಕಳಿಗೆ ನೋವನ್ನು ಅಂಕಿಯಲ್ಲಿ ಹೇಳಲು ಬರುತ್ತಿರಲಿಲ್ಲ. ಖಾಲಿ ವೃತ್ತಗಳನ್ನು ಕೊಟ್ಟು ಮುಖ ತುಂಬಿಸಿ ಅಂದರು. ಮಕ್ಕಳು ಬರೆದುಕೊಟ್ಟದ್ದನ್ನು ಆಧರಿಸಿಯೇ ಕಲಾವಿದರಿಂದ ಆ ಮುಖಗಳನ್ನು ಬರೆಸಿದ್ದು. ನಾನು ಡ್ಯೂಟಿಯಲ್ಲಿ ಆ ಚಾರ್ಟು ಹಿಡಿದಾಗೆಲ್ಲ ಅದು ಮಕ್ಕಳದ್ದೇ ಗೆರೆ ಅನ್ನುವುದು ನೆನಪಾಗುತ್ತದೆ.

ಇನ್ನು ನಮ್ಮ ರಾಜ್ಯದ ಅತಿ ಒಳ್ಳೆಯ ಗೋಡೆ ಕಥೆ. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಸರ್ಕಾರಿ ಶಾಲಾ ಶಿಕ್ಷಕರು ಗಡಿಯಾಚೆ ಮದನಪಲ್ಲಿ ಬಳಿಯ ರಿಷಿವ್ಯಾಲಿಯ ಹಳ್ಳಿಶಾಲೆಗಳನ್ನು ನೋಡಿ ಬಂದರು. ಯುನಿಸೆಫ್ ನೆರವಿನಿಂದ ತಮ್ಮ ಶಾಲೆಗಳಲ್ಲಿ ಅಂಥದ್ದೇ ಪ್ರಯೋಗ ಶುರುಮಾಡಿದರು. ಅದೇ ನಲಿ-ಕಲಿ. 2009-10ಕ್ಕೆ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಚಿಕ್ಕ ತರಗತಿಗಳಿಗೆಲ್ಲ ಬಂತು. ಬೇರೆಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪಾಗಿ ಕೂರುತ್ತಾರೆ, ಕಾರ್ಡು ಹಿಡಿದು ತಮ್ಮ ವೇಗಕ್ಕೆ ಕಲಿಯುತ್ತಾರೆ, ಅವರು ಮಾಡಿದ ಚಿತ್ರ, ಕಾಗದದ ಹೂವು ತಲೆ ಮೇಲೆ ದಾರದ ಚಪ್ಪರದಲ್ಲಿ ತೂಗುತ್ತವೆ. ಮತ್ತೆ ಗೋಡೆ. ಮಕ್ಕಳ ಕೈಗೆ ಎಟುಕುವ ಕೆಳಭಾಗಕ್ಕೆ ಸುತ್ತಲೂ ಕಪ್ಪು ಬಳಿದು ಒಬ್ಬೊಬ್ಬರಿಗೆ ಒಂದೊಂದು ಚೂರು ಜಾಗ. ಮೇಷ್ಟ್ರ ಬೋರ್ಡು ಮೇಷ್ಟ್ರಿಗೆ, ಕೆಳಗಿನದು ಮಕ್ಕಳಿಗೆ. ನಲಿ-ಕಲಿಯ ಬಗ್ಗೆ ಎರಡು ಮಾತಿದೆ, ನನಗೂ ಗೊತ್ತು. ಒಬ್ಬರೇ ಶಿಕ್ಷಕರಿದ್ದಲ್ಲಿ ಕಾರ್ಡು, ಏಣಿ, ಗುಂಪು ಎಲ್ಲ ಸಂಭಾಳಿಸುವುದು ಕಷ್ಟ. ಆದರೆ ಗೋಡೆ ವಿಷಯದಲ್ಲಿ ಅವರು ಮಾಡಿದ್ದು ಸರಿ. ಕೆಳಕೇರಿ ಅಜ್ಜಿ ಬಿಟ್ಟುಕೊಟ್ಟ ಮೂಲೆಯನ್ನು ಸರ್ಕಾರ ಇಡೀ ಕೋಣೆಗೆ ಬಿಟ್ಟುಕೊಟ್ಟಿತು. ಅದೇ ಹೊತ್ತಿಗೆ, 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ 17ನೇ ಸೆಕ್ಷನ್ ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನು ನಿಷೇಧಿಸಿತು. ಸಿಂಗಪುರದಲ್ಲಿ ಇನ್ನೂ ಶಾಲೆಯಲ್ಲಿ ಹುಡುಗರಿಗೆ ಬೆತ್ತ ಬಳಸಲು ಅವಕಾಶವಿದೆ. ಎಲ್ಲದರಲ್ಲೂ ಇಲ್ಲಿಯವರೇ ಮುಂದೆ ಅಂತ ವಾದ ಮಾಡುವ ನಮ್ಮ ಮಾವನಿಗೆ ಇದನ್ನು ಓದಿ ಹೇಳಿ.

ಈಗ ಕೆಲಸದ ಮಾತು. ನಮ್ಮ ಶಾಲೆಗೆ ಹಳೇ ವಿದ್ಯಾರ್ಥಿಗಳು ಸೇರಿ ಬಣ್ಣ ಹೊಡೆಸುವುದು ಒಳ್ಳೆಯ ಯೋಚನೆ. ಗ್ರೂಪಿನಲ್ಲಿ ಬಂದ ಸ್ಯಾಂಪಲ್ ಫೋಟೋ ನೋಡಿದೆ. ನೆಲದಿಂದ ಛಾವಣಿವರೆಗೆ ಆಯಿಲ್ ಪೇಂಟು, ಮೇಲೆ ಛೋಟಾ ಭೀಮ್, ರೈಲುಗಾಡಿ, ಭಾರತದ ನಕ್ಷೆ. ಫೋಟೋಗೆ ಚೆನ್ನಾಗಿ ಬರುತ್ತದೆ, ನಿಜ. ಆದರೆ ಒಂದು-ಎರಡನೇ ತರಗತಿಯ ಕೋಣೆಯ ಕಪ್ಪು ಪಟ್ಟಿಯೂ ಅದರಡಿ ಹೋಗುತ್ತದೆ. ಹೊಸ ಬಣ್ಣ ಹೊಡೆದ ಮಾರನೇ ದಿನದಿಂದ ಮಕ್ಕಳಿಗೆ ‘ಗೋಡೆ ಮುಟ್ಟಬೇಡ’ ಅನ್ನುವ ಪಾಠ ಶುರುವಾಗುತ್ತದೆ, ಯಾಕೆಂದರೆ ದುಡ್ಡು ಕೊಟ್ಟ ನಾವು ನೋಡಲು ಬರುತ್ತೇವೆ. ಶಾಲೆಯವರು ನಮಗೆ ಬೇಡ ಅನ್ನಲಾರರು, ದಾನಿಗಳ ಎದುರು ಯಾರು ಮಾತಾಡುತ್ತಾರೆ? ಅದಕ್ಕೇ ನಾನು ಹೇಳುತ್ತಿದ್ದೇನೆ.

ಆರು ವರ್ಷದ ಮಗು ಸುಮಾರು 115 ಸೆಂಟಿಮೀಟರ್ ಎತ್ತರ. ನೆಲದಿಂದ ಒಂದಡಿ ಬಿಟ್ಟು ಮೂರೂವರೆ ಅಡಿವರೆಗೆ ಕರಿಹಲಗೆಯ ಬಣ್ಣವನ್ನೇ ಹೊಡೆಸಿ, ನಾಲ್ಕೂ ಗೋಡೆಗೆ ಆಗದಿದ್ದರೆ ಎರಡಕ್ಕಾದರೂ. ಹೊರಗಿನ ಜಗಲಿ ಗೋಡೆಗೂ ಒಂದು ಪಟ್ಟಿ ಇರಲಿ, ಅಂಗನವಾಡಿಯ ಪುಟಾಣಿಗಳಿಗೆ ಇನ್ನೂ ಅರ್ಧ ಅಡಿ ಕೆಳಗೆ. ಮೇಲಿನ ಭಾಗಕ್ಕೆ ಛೋಟಾ ಭೀಮ್ ಬದಲು ನಮ್ಮೂರಲ್ಲೇ ಚಿತ್ತಾರ ಬರೆಯುವ ಅಕ್ಕಂದಿರನ್ನು ಕೇಳಿ, ಪೇಂಟರಿಗೆ ಕೊಡುವ ಕೂಲಿಯನ್ನೇ ಅವರಿಗೂ ಕೊಡಿ, ಕಾಫಿ ತಿಂಡಿಯಲ್ಲಿ ಮುಗಿಸಬೇಡಿ. ಮುಖ್ಯವಾಗಿ ಹಳೇ ಬಣ್ಣವನ್ನು ಒಣಗಿದ್ದಂತೆಯೇ ಉಜ್ಜಿ ಪುಡಿ ಎಬ್ಬಿಸಬೇಡಿ. ಒದ್ದೆ ಮಾಡಿ, ಮಕ್ಕಳಿಗೆ ರಜೆ ಇರುವಾಗ ಕೆರೆಸಿ, ಬಿದ್ದದ್ದನ್ನು ಗುಡಿಸಿ ದೂರ ಹಾಕಿಸಿ. ಹಿಂದಿನ ಬಣ್ಣಗಳಲ್ಲಿ ಸೀಸ ಇರುತ್ತಿತ್ತು, ಅದು ಮಕ್ಕಳ ಮೆದುಳಿಗೆ ವಿಷ. ಭಾರತದಲ್ಲಿ ಮನೆಬಳಕೆಯ ಬಣ್ಣಕ್ಕೆ 90 ಪಿ.ಪಿ.ಎಂ. ಮಿತಿಯ ನಿಯಮ ಬಂದದ್ದೇ 2016ರಲ್ಲಿ. ಸಂತೆಯಲ್ಲಿ ಸಿಗುವ ಬಿಡಿ ಬಣ್ಣ ಬೇಡ.

ನನ್ನ ಪಾಲಿನ ದುಡ್ಡು ಈ ತಿಂಗಳ ಸಂಬಳ ಬಂದ ಕೂಡಲೇ ಅಣ್ಣನ ಅಕೌಂಟಿಗೆ ಹಾಕುತ್ತೇನೆ. ಎರಡು ಡಬ್ಬ ಸೀಮೆಸುಣ್ಣವನ್ನೂ ಸೇರಿಸಿಕೊಳ್ಳಿ, ಧೂಳು ಕಡಿಮೆ ಇರುವಂಥದ್ದು. ಪೇಂಟ್ ಕೊಳ್ಳುವ ಮೊದಲು ಡಬ್ಬಿಯ ಲೇಬಲ್ ಫೋಟೋ ತೆಗೆದು ಗ್ರೂಪಿಗೆ ಹಾಕಿ, ನಾನು ಡ್ಯೂಟಿ ಮುಗಿಸಿ ನೋಡಿ ಹೇಳುತ್ತೇನೆ.